ಗುಬ್ಬಿ ಕಂಪನಿ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯಿಂದ ಗುಬ್ಬಿ ಕಂಪನಿ ಬಗ್ಗೆ ವಾಯ್ಸ್ ನೋಟ್ ಬಂದಿವೆ. ಎಲ್ಲದಕ್ಕೂ ಇವತ್ತೇ ಉತ್ತರ ಕೊಡೋಕಾಗಲ್ಲ, ಒಂದು ನಾಲ್ಕು ತಗೊಳ್ಳೋಣ.

ಹೊಳೆನರಸೀಪುರದಿಂದ ಮೊದಲ ಪ್ರಶ್ನೆ: ಕಂಪನಿ ಶುರು ಮಾಡಿದ್ದು ಗುಬ್ಬಿ ವೀರಣ್ಣನವರು ಎಷ್ಟನೇ ವಯಸ್ಸಲ್ಲಿ? ಪ್ರಶ್ನೆಯಲ್ಲೇ ಒಂದು ಎಡವಟ್ಟಿದೆ ಕಣ್ರೀ. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣ ಹುಟ್ಟಿದ್ದು 1891ರಲ್ಲಿ. ಅಂದ್ರೆ ಮಾಲೀಕರಿಗಿಂತ ಕಂಪನಿ ಏಳು ವರ್ಷ ದೊಡ್ಡದು! ಅವರು ಅಲ್ಲಿಗೆ ಬಂದಿದ್ದು ಬಾಲನಟನಾಗಿ. ಯಜಮಾನರಾಗಿದ್ದು ಆಮೇಲೆ.

ಅರಕಲಗೂಡಿನವರದ್ದು ಆನೆ ಪ್ರಶ್ನೆ. ಸ್ಟೇಜ್ ಮೇಲೆ ನಿಜವಾದ ಆನೆ ತಂದಿದ್ದು ಹೌದಾ? ಹೌದು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ಆನೆ, ಕುದುರೆ ಎರಡೂ ಇದ್ವು. ಗ್ರಾಫಿಕ್ಸ್ ಇಲ್ಲದ ಕಾಲ, ಜನರ ಕಣ್ಣೆದುರೇ ನಡೀಬೇಕು. ಮೇವು ಯಾರು ತರ್ತಿದ್ರೋ ಅಂತ ನನಗೆ ಮೊದಲು ಬಂದ ಯೋಚನೆ ಅದೇ.

ಚನ್ನರಾಯಪಟ್ಟಣದಿಂದ ಬಂದಿರೋದು ಜಗಳದ ಪ್ರಶ್ನೆ. ಅಣ್ಣಾವ್ರು ಗುಬ್ಬಿ ಕಂಪನಿಯವರಾ, ಅಲ್ವಾ? ಇಬ್ಬರು ಗೆಳೆಯರು ಬೆಟ್ ಕಟ್ಟಿದ್ದಾರಂತೆ. ಇಬ್ರೂ ಗೆದ್ರಿ ಅಂತ್ಲೇ ಹೇಳಬೇಕು. ರಾಜ್‌ಕುಮಾರ್ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಹಿರಣ್ಯಕಶಿಪು, ರಾವಣನಂಥ ಪಾತ್ರಗಳಿಗೆ ಹೆಸರಾದವರು. ಮಗ ಮುತ್ತುರಾಜ್ ಕೂಡ ಚಿಕ್ಕಂದಿನಲ್ಲೇ ಅಲ್ಲಿ ಬಣ್ಣ ಹಚ್ಚಿದ. ಆದ್ರೆ ಆಮೇಲೆ ಸುಬ್ಬಯ್ಯ ನಾಯ್ಡು ಅವರ ಕಂಪನಿಗೆ ಹೋದರು, ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರ ಕಣ್ಣಿಗೆ ಬಿದ್ದಿದ್ದು ಅಲ್ಲಿದ್ದಾಗ. ಮಜಾ ಏನಪ್ಪಾ ಅಂದ್ರೆ, 1954ರ 'ಬೇಡರ ಕಣ್ಣಪ್ಪ' ಚಿತ್ರದ ನಿರ್ಮಾಣದಲ್ಲಿ ಗುಬ್ಬಿ ವೀರಣ್ಣನವರದ್ದೂ ಕೈ ಇತ್ತು. ಬಿಟ್ಟು ಹೋದ ಹುಡುಗ ಹೀರೋ ಆಗಿ ಅದೇ ಬಾಗಿಲಿಗೆ ವಾಪಸ್! ಮಗನ ಸಿನಿಮಾ ನೋಡೋಕೆ ಪುಟ್ಟಸ್ವಾಮಯ್ಯ ಇರಲಿಲ್ಲ, 1951ರಲ್ಲೇ ತೀರಿಕೊಂಡಿದ್ದರು.

ಇನ್ನೊಂದು ಬೋನಸ್. ಅದೇ ಕಥೆ ತೆಲುಗಿನಲ್ಲಿ 'ಕಾಳಹಸ್ತಿ ಮಹಾತ್ಮ್ಯಂ' ಆಯ್ತು. ರಾಜ್‌ಕುಮಾರ್ ನಟಿಸಿದ ಒಂದೇ ಒಂದು ಬೇರೆ ಭಾಷೆಯ ಸಿನಿಮಾ ಅದು. ಬೆಟ್ ಕಟ್ಟೋದಾದ್ರೆ ಇನ್ಮೇಲೆ ಇದಕ್ಕೆ ಕಟ್ಟಿ.

ಕೊನೆಗೆ ಹಾಸನದ ಪ್ರಶ್ನೆ: ಇದರಲ್ಲಿ ನಮ್ಮ ಜಿಲ್ಲೆಯವರು ಯಾರಿದ್ದಾರೆ? ನಾನು ಕಾಯ್ತಾ ಇದ್ದಿದ್ದೇ ಇದಕ್ಕೆ. ಅರಸೀಕೆರೆಯ ಬಾಲಣ್ಣ, ಅಂದ್ರೆ ಟಿ.ಎನ್. ಬಾಲಕೃಷ್ಣ. ನಾಟಕದಿಂದ ಬಂದ ನಟ. ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ಎದುರಿನವರ ತುಟಿ ನೋಡ್ಕೊಂಡು ಡೈಲಾಗ್ ಹೊಡೀತಿದ್ರು. ಅದೂ ಕಾಮಿಡಿಯಲ್ಲಿ, ಟೈಮಿಂಗ್ ಒಂದು ಕ್ಷಣ ತಪ್ಪಿದ್ರೆ ನಗು ಬೀಳಲ್ಲ.

'ಬೇಡರ ಕಣ್ಣಪ್ಪ' ಗೆದ್ದ ಮೇಲೆ ಎಲ್ಲರಿಗೂ ಕೈತುಂಬ ಕೆಲಸ ಸಿಕ್ತು ಅಂದ್ಕೊಂಡಿದ್ದೀರಾ? ಇಲ್ಲ. ಆಗ ಕನ್ನಡ ಸಿನಿಮಾಗಳೇ ಕಮ್ಮಿ, ಶೂಟಿಂಗ್ ಮದರಾಸಿನಲ್ಲಿ. ಕೆಲಸ ಇಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿದ್ರು, ಮತ್ತೆ ಊರೂರಿಗೆ ಹೋಗಿ ನಾಟಕ ಆಡಿದ್ರು. ಸಿನಿಮಾ ಹೀರೋ ಪುನಃ ಪರದೆ ಕಟ್ಟಿದ ಸ್ಟೇಜ್ ಮೇಲೆ! ಅವಮಾನ ಅಂದ್ಕೊಂಡಿದ್ರೆ ಅಲ್ಲಿಗೇ ಮುಗೀತಿತ್ತು. ಕಂಪನಿಯಲ್ಲಿ ಕಲಿತ ಕಸುಬು ಅನ್ನ ಹಾಕ್ತು. ಅದೇ ಗುಂಪು 1960ರಲ್ಲಿ 'ರಣಧೀರ ಕಂಠೀರವ' ತೆಗೀತು.

ಹಾಗಾಗಿ ನಿಮ್ಮ ತಾತ, ಅಜ್ಜಿ ಕಂಪನಿ ನಾಟಕ ನೋಡಿದ್ರೆ ಟೆಂಟ್ ಯಾವ ಬಯಲಲ್ಲಿತ್ತು, ಟಿಕೆಟ್ ಎಷ್ಟಿತ್ತು ಕೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಎರಡು ನಿಮಿಷ ಸಾಕು. 'ಸದಾರಮೆ'ಯ ಕಳ್ಳನ ಪಾತ್ರದ ಬಗ್ಗೆ ಕೇಳಿದವರು ಕೋಪ ಮಾಡ್ಕೋಬೇಡಿ, ಆ ಕಥೆ ದೊಡ್ಡದು. ಮುಂದಿನ ವಾರ.