ಬೇಸಗೆಯ ಹೊಳೆಗೆ ನೀರೆಲ್ಲಿಂದ?



ಮಳೆ ನಿಂತು ಎರಡು ಮೂರು ತಿಂಗಳಾದ ಮೇಲೆಯೂ ಬಯಲುಸೀಮೆಯ ಕೆಲವು ಹೊಳೆಗಳಲ್ಲಿ ಸಣ್ಣಗೆ ನೀರು ಹರಿಯುವುದುಂಟಷ್ಟೆ. ಅದು ನೆಲದೊಳಗಿಂಗಿ, ಬಂಡೆಯ ಮೇಲಣ ಶಿಥಿಲವಾದ ಪದರದಲ್ಲಿ ನಿಂತು, ಹೊಳೆಯ ದಡದಿಂದಲೂ ತಳದಿಂದಲೂ ಮೆಲ್ಲಮೆಲ್ಲನೆ ಒಸರಿದ ನೀರು. ಮಳೆಗಾಲದ ಹರಿವಿನಲ್ಲಿಯೂ ಇದರ ಪಾಲು ಬೆರೆತಿರುವುದು. ಆ ಪಾಲೆಷ್ಟೆಂದು ಗೊತ್ತುಮಾಡುವ ಬಗೆ ಹೇಗೆ?

ಅದಕ್ಕೆ ನೀರೇ ಸಾಕ್ಷಿ. ನೆಲದೊಳಗೆ ಬಹುಕಾಲವಿದ್ದ ನೀರು ಕಲ್ಲುಮಣ್ಣುಗಳ ಲವಣಗಳನ್ನು ಕರಗಿಸಿಕೊಂಡಿರುವುದರಿಂದ ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದು. ಆಗತಾನೆ ಸುರಿದ ಮಳೆನೀರಿಗೆ ಆ ಗುಣ ಬಹಳ ಕಡಿಮೆ. ಈ ವಾಹಕತೆಯನ್ನಳೆಯುವ ಮಾಪಕದಲ್ಲಿ ದಡದ ಬಾವಿಯ ನೀರಿಗೆ 800, ನೆಲದ ಮೇಲೆ ಹರಿದು ಬಂದ ಮಳೆನೀರಿಗೆ 100 ಎಂಬ ಅಂಕೆಗಳು ಬಂದುವೆಂದು ಭಾವಿಸೋಣ. ಹೊಳೆಯ ನೀರಿಗೆ 275 ಬಂದರೆ, ನೂರನ್ನು ಕಳೆದುಳಿದ 175, ಎರಡರ ಅಂತರವಾದ 700ರ ಕಾಲುಭಾಗ. ಹರಿವಿನಲ್ಲಿ ಅಂತರ್ಜಲದ ಪಾಲು ನಾಲ್ಕರಲ್ಲೊಂದೆಂದಾಯಿತು.

ಆದರೆ ಒಣನಾಡಿನಲ್ಲಿ ಈ ಲೆಕ್ಕಕ್ಕೆ ಎರಡು ಎಚ್ಚರಿಕೆಗಳು ಬೇಕು. ಬಿಸಿಲಿಗೆ ನೀರು ಆವಿಯಾದಂತೆಲ್ಲ ಉಳಿದ ನೀರಿನ ಲವಣಾಂಶ ಹೆಚ್ಚಿ, ಒಸರಿನ ಪಾಲು ಇದ್ದುದಕ್ಕಿಂತ ದೊಡ್ಡದಾಗಿ ತೋರುವುದು. ಅಲ್ಲದೆ, ಬಾವಿಯ ನೀರಿನ ಮಟ್ಟವು ಹೊಳೆಯ ತಳಕ್ಕಿಂತ ಕೆಳಗಿಳಿದರೆ, ನೆಲವು ಹೊಳೆಗೆ ಕೊಡುವುದನ್ನು ಬಿಟ್ಟು ಹೊಳೆಯ ನೀರನ್ನೇ ಹೀರತೊಡಗುವುದು. ಆದಕಾರಣ ಹೊಳೆಯನ್ನಳೆಯುವವನು ಸುತ್ತಣ ಬಾವಿಗಳನ್ನೂ ಅಳೆಯಬೇಕು.

ಅರ್ಕಾವತಿಯ ಸಂಗತಿ ಇದಕ್ಕೆ ನಿದರ್ಶನ. ನಂದಿಬೆಟ್ಟದ ಕಡೆಯಿಂದ ಹರಿದು ಬರುವ ಈ ಹೊಳೆಗೆ ತಿಪ್ಪಗೊಂಡನಹಳ್ಳಿಯಲ್ಲಿ 1933ರ ವೇಳೆಗೆ ಕಟ್ಟಿದ ಜಲಾಶಯವು ಬಹುಕಾಲ ಬೆಂಗಳೂರಿಗೆ ನೀರೊದಗಿಸಿತು. ಬರಬರುತ್ತ ಅದಕ್ಕೆ ಹರಿದುಬರುವ ನೀರು ಕುಗ್ಗಿತು. ಮಳೆ ಕಡಿಮೆಯಾದುದು ಇದಕ್ಕೆ ಕಾರಣವಲ್ಲವೆಂದೂ, ಕೊಳವೆಬಾವಿಗಳಿಂದ ಅಂತರ್ಜಲವನ್ನೆತ್ತಿದುದೂ ನೀಲಗಿರಿ ತೋಪುಗಳು ಹಬ್ಬಿದುದೂ ಮುಖ್ಯ ಕಾರಣಗಳಾಗಿರಬಹುದೆಂದೂ 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆಯು ತಿಳಿಸಿತು.

ಬಾವಿಯ ನೀರನ್ನೊಂದು ಪುಸ್ತಕದಲ್ಲಿಯೂ ಹೊಳೆಯ ನೀರನ್ನು ಇನ್ನೊಂದರಲ್ಲಿಯೂ ಬರೆದಿಡುವವನು ಒಂದೇ ಹಣವನ್ನು ಎರಡು ಸಲ ಜಮಾ ಹಿಡಿದ ಗುಮಾಸ್ತನಂತೆ. ಖರ್ಚಿನ ದಿನ ಬಂದಾಗ ಪೆಟ್ಟಿಗೆಯಲ್ಲಿ ಲೆಕ್ಕದಷ್ಟು ಹಣವಿರದು. ಮೇಲಣ ಹೊಲಕ್ಕೆಷ್ಟು, ಕೆಳಗಣ ಊರಿಗೆಷ್ಟು ಎಂದು ನ್ಯಾಯವಾಗಿ ಹಂಚಬೇಕಾದರೆ, ಹೊಳೆಗೆ ನೆಲವು ಕೊಡುವ ಪಾಲನ್ನು ಮೊದಲು ಅರಿಯಬೇಕು. ಅರಿತು ಅದನ್ನು ಹೊಳೆಗೇ ಉಳಿಸಬೇಕು.