ಕ್ಷಮೆ ಕೇಳಲು ಬಂದ ಅಪ್ಪ



ಕ್ರೀಡಾ ಚಿತ್ರಗಳ ಈ ಉತ್ಸವ ‘ವಾರಿಯರ್’ನಿಂದ ಶುರುವಾಗುತ್ತಿರುವುದು ನನಗೆ ತುಂಬ ಸಂತೋಷದ ಸಂಗತಿ. ಗೇವಿನ್ ಓಕಾನರ್ ನಿರ್ದೇಶನದ, 2011ರಲ್ಲಿ ತೆರೆಕಂಡ ಈ ಅಮೆರಿಕನ್ ಚಿತ್ರದಲ್ಲಿ ಹೊಡೆದಾಟ ಬೇಕಾದಷ್ಟಿದೆ. ನಾನು ಮಾತ್ರ ಇದನ್ನು ಅಪ್ಪನೊಬ್ಬನ ಕಥೆಯಾಗಿಯೇ ನೋಡುತ್ತೇನೆ.

ಪಿಟ್ಸ್‌ಬರ್ಗ್‌ನ ಪ್ಯಾಡಿ ಕಾನ್ಲನ್ ಕುಡಿದು ಸಂಸಾರ ಹಾಳು ಮಾಡಿಕೊಂಡವನು. ಹೆಂಡತಿ ಕಿರಿಮಗ ಟಾಮಿಯನ್ನು ಕರೆದುಕೊಂಡು ಮನೆ ಬಿಟ್ಟಳು. ಹಿರಿಮಗ ಬ್ರೆಂಡನ್ ಹೋಗಲಿಲ್ಲ. ಕಾಯಿಲೆ ಬಿದ್ದ ತಾಯಿಯ ಕೊನೆಗಾಲಕ್ಕೆ ಇದ್ದವನು ಟಾಮಿ ಒಬ್ಬನೇ. ಹಾಗಾಗಿ ಅವನಿಗೆ ಅಣ್ಣನ ಮೇಲೂ ಸಿಟ್ಟು. ವರ್ಷಗಳ ಮೇಲೆ ಬಾಟಲಿ ಹಿಡಿದು ಅಪ್ಪನ ಮನೆ ಬಾಗಿಲಿಗೆ ಬರುತ್ತಾನೆ. ಕುಡಿತ ಬಿಟ್ಟು ಸಾವಿರ ದಿನ ಆಗುತ್ತ ಬಂದಿರುವ ಮುದುಕನಿಗೇ ಅದನ್ನು ಚಾಚುತ್ತಾನೆ. ತರಬೇತಿ ಕೊಡು, ಅಪ್ಪನಾಗಲು ಬರಬೇಡ ಎನ್ನುವುದು ಅವನ ಷರತ್ತು. ಉಸ್ತಾದರನ್ನು ತಂದೆಯ ಸಮಾನವಾಗಿ ಕಾಣುವ ಗರಡಿಯವರಿಗೆ ಆ ಮಾತಿನ ಕ್ರೌರ್ಯ ಬೇಗ ತಟ್ಟುತ್ತದೆ.

ಬ್ರೆಂಡನ್ ಭೌತಶಾಸ್ತ್ರದ ಮೇಷ್ಟ್ರು. ಅವನ ಮನೆ ಬ್ಯಾಂಕಿನ ಪಾಲಾಗುವುದರಲ್ಲಿದೆ. ಟಾಮಿಗೆ ಯುದ್ಧದಲ್ಲಿ ಸತ್ತ ಗೆಳೆಯನ ಹೆಂಡತಿಗೆ ಹಣ ಮುಟ್ಟಿಸಬೇಕಿದೆ. 50 ಲಕ್ಷ ಡಾಲರ್ ಬಹುಮಾನದ ಎಂಎಂಎ (ಮಿಶ್ರ ಸಮರಕಲೆ) ಪಂದ್ಯಾವಳಿಗೆ ಇಬ್ಬರೂ ಇಳಿಯುತ್ತಾರೆ. ಬ್ರೆಂಡನ್ ಪಾತ್ರದ ಎಡ್ಜರ್ಟನ್, ಟಾಮಿ ಪಾತ್ರದ ಹಾರ್ಡಿ ಇಬ್ಬರ ಮೈಕಟ್ಟಿನ ಬಗ್ಗೆ ನೀವೇ ಮಾತಾಡಿಕೊಳ್ಳುತ್ತೀರಿ.

ಪಂದ್ಯಾವಳಿಯ ನಡುವೆ ಬರುವ ಹೋಟೆಲ್ ಕೋಣೆಯ ದೃಶ್ಯವನ್ನು ದಯವಿಟ್ಟು ಗಮನಿಸಿ. ಮಗನ ಮಾತಿನ ಏಟಿಗೆ ಅಪ್ಪ ಮತ್ತೆ ಕುಡಿದಿದ್ದಾನೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ‘ಮೊಬಿ ಡಿಕ್’ ಕಾದಂಬರಿಯ ಧ್ವನಿಮುದ್ರಣ ಕೇಳುತ್ತ, ಹಡಗು ನಿಲ್ಲಿಸೆಂದು ಅದರ ಕಪ್ತಾನನಿಗೆ ಕೂಗುತ್ತಿದ್ದಾನೆ. ಅದುವರೆಗೆ ಮುಖ ಕೊಟ್ಟು ಮಾತಾಡದ ಟಾಮಿ ಬಾಟಲಿ ಕಸಿದಿಟ್ಟು, ಅವನನ್ನು ಎದೆಗೊರಗಿಸಿಕೊಂಡು ಮಲಗಿಸುತ್ತಾನೆ. ಕ್ಷಮಿಸಿದೆ ಎಂದು ಯಾರೂ ಹೇಳುವುದಿಲ್ಲ. ಅಪ್ಪನ ಪಾತ್ರಕ್ಕೆ ನಿಕ್ ನೋಲ್ಟಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. ಪ್ರಶಸ್ತಿಯೂ ಅವರಿಗೇ ಸಲ್ಲಬೇಕಿತ್ತು.

ಇದೇ ಕಥೆ 2015ರಲ್ಲಿ ಹಿಂದಿಯಲ್ಲಿ ‘ಬ್ರದರ್ಸ್’ ಆಯಿತು. ಅಲ್ಲಿ ಮನೆಯ ಹಳೆಯ ದುರಂತವನ್ನು ಫ್ಲ್ಯಾಶ್‌ಬ್ಯಾಕಿನಲ್ಲಿ ಬಿಡಿಸಿ ತೋರಿಸುತ್ತಾರೆ. ಓಕಾನರ್ ಆ ಮನೆಯ ಒಂದು ಹಳೆಯ ದಿನವನ್ನೂ ತೋರಿಸುವುದಿಲ್ಲ. ಮೂವರ ಮುಖ ನೋಡಿಯೇ ನಾವು ತಿಳಿಯಬೇಕು. ನನಗೆ ಈ ದಾರಿಯೇ ಹೆಚ್ಚು ಹಿಡಿಸಿತು.

ಆದರೂ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತದೆ. ಪ್ಯಾಡಿಯನ್ನು ಕ್ಷಮಿಸುವ ಮೊದಲ ಹಕ್ಕು ಆ ತಾಯಿಯದು, ಅವಳೀಗ ಇಲ್ಲ. ಅವಳ ಪರವಾಗಿ ಮಕ್ಕಳು ಕ್ಷಮಿಸಬಹುದೇ? ಚಿತ್ರದ ನಂತರದ ಸಂವಾದದಲ್ಲಿ, ಅದರಲ್ಲೂ ಇಲ್ಲಿರುವ ಹೆಣ್ಣುಮಕ್ಕಳು, ಇದರ ಬಗ್ಗೆ ಮಾತಾಡಬೇಕೆಂದು ಕೇಳಿಕೊಳ್ಳುತ್ತ ಉತ್ಸವವನ್ನು ಉದ್ಘಾಟಿಸುತ್ತಿದ್ದೇನೆ.