ಕೇಳದೆ ಬಂದ ಹಾಡು

ಕನ್ನಡದಲ್ಲಿ 'ಕೇಳು' ಎಂಬ ಕ್ರಿಯಾಪದಕ್ಕೆ ಎರಡು ಮುಖ. ಕಿವಿಗೊಡುವುದೂ ಕೇಳುವುದೇ, ಬೇಡುವುದೂ ಕೇಳುವುದೇ. 'ಹಾಡು ಕೇಳಿದೆ' ಎಂದರೆ ಆಲಿಸಿದೆ ಎಂದಾಗಬಹುದು, ಇಂಥ ಹಾಡು ಬೇಕೆಂದು ಕೋರಿದೆ ಎಂದೂ ಆಗಬಹುದು. ಬಾನುಲಿಯೊಂದೇ ಮನೆಯ ಸಂಗೀತವಾಗಿದ್ದ ಕಾಲದಲ್ಲಿ ಮೊದಲನೆಯ ಅರ್ಥವೇ ಹೆಚ್ಚಾಗಿ ನಡೆಯುತ್ತಿತ್ತು. ಅಂತರಜಾಲದ ಈ ಕಾಲದಲ್ಲಿ ಎರಡನೆಯದು ಮೊದಲನೆಯದನ್ನು ನುಂಗುತ್ತ ಬಂದಿದೆ. ಈ ಎರಡು ಬಗೆಯ ಕೇಳುವಿಕೆಯನ್ನು ಕುರಿತು, ಖಾನಾಪುರದಲ್ಲಿ ಬೆಳೆದು ಬೆಳಗಾವಿಯಲ್ಲಿ ನೆಲೆಸಿದ ಒಬ್ಬ ಹಳೆಯ ಶ್ರೋತೃವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಖಾನಾಪುರವು ಬೆಳಗಾವಿಯಿಂದ ಲೋಂಡಾದ ದಾರಿಯಲ್ಲಿ ಸುಮಾರು 26 ಕಿಲೋಮೀಟರ್ ದೂರದಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ಊರು. ಆ ನದಿ ಹುಟ್ಟುವ ಕಣಕುಂಬಿ ಇದೇ ತಾಲೂಕಿನಲ್ಲಿದೆ. ಅದರಾಚೆ ಘಟ್ಟ, ಘಟ್ಟದಾಚೆ ಗೋವೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ನಡೆಯುತ್ತಿದ್ದ ಊರು ಅದು. ನಾನು ಹುಡುಗನಾಗಿದ್ದಾಗ, ಎಂದರೆ 1950ರ ದಶಕದ ಕೊನೆಯಲ್ಲಿ, ನಮ್ಮ ಓಣಿಗೆಲ್ಲ ಇದ್ದುದು ಒಂದೇ ರೇಡಿಯೋ. ಬ್ಯಾಟರಿಯ ಮೇಲೆ ನಡೆಯುವ ಆ ವಾಲ್ವಿನ ಪೆಟ್ಟಿಗೆ ನಮ್ಮ ಕಾಕಾನದು. ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಶುಲ್ಕ ಕಟ್ಟಿ ಲೈಸೆನ್ಸ್ ಪಡೆಯುತ್ತಿದ್ದವನು ಕಾಕಾ ಒಬ್ಬನೇ, ಕೇಳುತ್ತಿದ್ದವರು ಓಣಿಯವರೆಲ್ಲ. ಯಾವ ನಿಲಯ ಹಚ್ಚಬೇಕೆಂಬುದು ಕಾಕಾನ ಮರ್ಜಿ. ಆ ನಿಲಯ ಯಾವ ಹಾಡು ಹಾಕಬೇಕೆಂಬುದು ಕಣ್ಣಿಗೆ ಕಾಣದ ಇನ್ನಾರದೋ ಮರ್ಜಿ. ನಮ್ಮ ಮರ್ಜಿಗೆ ಅಲ್ಲಿ ಎಡೆಯೇ ಇರಲಿಲ್ಲ.

ಆದರೂ ಆ ಮುಳ್ಳು ತಿರುಗಿದ ದಾರಿಯೇ ನಮಗೊಂದು ದೇಶಾಟನ. ಮೊದಲಿಗೆ, 1950ರ ಜನವರಿ 8ರಂದು ಆರಂಭವಾದ ನಮ್ಮ ಧಾರವಾಡ ನಿಲಯ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ ಕಂಠಗಳು ನಮ್ಮ ಓಣಿಗೆ ಬಂದುದು ಅಲ್ಲಿಂದ. ಮುಳ್ಳನ್ನು ಸ್ವಲ್ಪ ಸರಿಸಿದರೆ ಗೋವೆ. 1961ರವರೆಗೆ ಅಲ್ಲಿ ಪೋರ್ಚುಗೀಸರ ಆಳ್ವಿಕೆ ಇತ್ತಷ್ಟೆ. ಅವರ 'ಎಮಿಸೋರಾ ದೆ ಗೋವಾ' ನಿಲಯದಿಂದ ಕೊಂಕಣಿ ಹಾಡುಗಳೂ ನಮಗೆ ಅರ್ಥವಾಗದ ಪೋರ್ಚುಗೀಸ್ ಹಾಡುಗಳೂ ಘಟ್ಟ ಹತ್ತಿ ಬರುತ್ತಿದ್ದವು. ಕಿರುತರಂಗದಲ್ಲಿ ಸಿಲೋನ್. 1952ರಲ್ಲಿ ಪ್ರಸಾರ ಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳಿಗೆ ಕಡಿವಾಣ ಹಾಕಿದರು. ದೇಶದ ಶ್ರೋತೃಗಳು ಏನೂ ವಾದಿಸದೆ ಮುಳ್ಳನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಅದೇ ವರ್ಷದ ಕೊನೆಯಲ್ಲಿ ಆರಂಭವಾಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದಾಗ ಸಿನಿಮಾ ಹಾಡು ಮತ್ತೆ ಸರಕಾರದ ಮನೆಯೊಳಗೆ ಮರ್ಯಾದೆಯಿಂದ ಕಾಲಿಟ್ಟಿತು. ಮುಂದೆ ಸಾಂಗಲಿಯ ನಿಲಯವೂ ಬಂದು ಮರಾಠಿ ನಾಟ್ಯಗೀತಗಳು ಮನೆಮನೆಯ ಮಾತಾದವು.

ಹಗಲಿನಲ್ಲಿ ನೆಲವನ್ನಪ್ಪಿ ಸಾಗುವ ಮಧ್ಯಮತರಂಗವು ಕತ್ತಲಾದ ಮೇಲೆ ಮೇಲಣ ವಾಯುಮಂಡಲಕ್ಕೆ ತಾಗಿ, ಪ್ರತಿಫಲಿಸಿ, ಬಹುದೂರ ಹೋಗಿ ಇಳಿಯುತ್ತದೆ. ಹೀಗಾಗಿ ರಾತ್ರಿಯ ಹೊತ್ತು ಕರೆಯದ ಅತಿಥಿಗಳಂತೆ ಎಲ್ಲೆಲ್ಲಿಯವೋ ನಿಲಯಗಳು ನಮ್ಮ ಪೆಟ್ಟಿಗೆಯಲ್ಲಿ ಕೇಳಿಸುತ್ತಿದ್ದವು. ಇದರ ಫಲವೇನೆಂದರೆ, ಮನೆಯಲ್ಲಿ ಮರಾಠಿಯಾಡುವ ದರ್ಜಿ ಬೇಂದ್ರೆಯವರ ಹಾಡನ್ನು ಗುನುಗುತ್ತ ಹೊಲಿಗೆಯಂತ್ರ ತುಳಿಯುತ್ತಿದ್ದ; ಕನ್ನಡ ಶಾಲೆಗೆ ಹೋಗುತ್ತಿದ್ದ ನನ್ನ ನಾಲಗೆಯ ಮೇಲೆ ಕೊಂಕಣಿ ಹಾಡೊಂದು ಸದಾ ಕುಣಿಯುತ್ತಿತ್ತು. ಅವನೂ ಅದನ್ನು ಬೇಡಿರಲಿಲ್ಲ, ನಾನೂ ಇದನ್ನು ಬೇಡಿರಲಿಲ್ಲ.

ಇನ್ನು ಅಂತರಜಾಲದ ಬಾನುಲಿಗೆ ಬರೋಣ. ಅಮೆರಿಕದ ಕಾರ್ಲ್ ಮಲಮುಡ್ 1993ರಲ್ಲಿ ಮಾತಿನ ಕಾರ್ಯಕ್ರಮಗಳನ್ನು ಗಣಕಯಂತ್ರಗಳ ಜಾಲದ ಮೂಲಕ ಹಂಚತೊಡಗಿದರು. ಮರುವರ್ಷ ನವೆಂಬರಿನಲ್ಲಿ ಉತ್ತರ ಕೆರೊಲಿನದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಿಲಯವೊಂದು ತನ್ನ ಎಂದಿನ ಪ್ರಸಾರವನ್ನು ಜಾಲದಲ್ಲಿಯೂ ಹರಿಯಬಿಟ್ಟಿತು. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಅಂತರಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ಇದರ ಕೆಲಸ ಸರಳ: ನಾದವನ್ನು ಅಂಕಿಗಳಾಗಿ ಮಾರ್ಪಡಿಸಿ, ಅದನ್ನು ಹಿಂಡಿ ಕಿರಿದುಮಾಡಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಕಳಿಸುತ್ತಾರೆ. ನಮ್ಮ ಕೈಯಲ್ಲಿಯ ಯಂತ್ರವು ಕೆಲವು ಪೊಟ್ಟಣಗಳನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸತೊಡಗುತ್ತದೆ. ಆದುದರಿಂದ ಜಾಲದ ಪ್ರಸಾರ ಆಕಾಶದ ಪ್ರಸಾರಕ್ಕಿಂತ ಕೆಲವು ಕ್ಷಣ ಹಿಂದೆ ಬೀಳುತ್ತದೆ. ವಾರ್ತೆಗೆ ಮುಂಚಿನ ಪಿಪ್ ಸದ್ದಿಗೆ ಗಡಿಯಾರ ಸರಿಮಾಡಿಕೊಳ್ಳುವ ನನ್ನಂಥವರು ಎಚ್ಚರವಾಗಿರಬೇಕು! ಖರ್ಚೂ ಹೆಚ್ಚಲ್ಲ. ಸೆಕೆಂಡಿಗೆ 64 ಕಿಲೋಬಿಟ್ ವೇಗದ ಪ್ರಸಾರವನ್ನು ಒಂದು ಗಂಟೆ ಕೇಳಿದರೆ ಸುಮಾರು 29 ಎಂಬಿ ಡೇಟಾ ಸಾಕು.

ಇದನ್ನು ನನಗೆ ತೋರಿಸಿಕೊಟ್ಟವಳು ಮೊಮ್ಮಗಳು. ನೆದರ್ಲೆಂಡ್ಸಿನವರು 2016ರಲ್ಲಿ ಹೊರತಂದ 'ರೇಡಿಯೋ ಗಾರ್ಡನ್' ಎಂಬುದನ್ನು ಮೊಬೈಲಿನಲ್ಲಿ ತೆರೆದು, "ಅಜ್ಜಾ, ಯಾವ ಊರಿನ ರೇಡಿಯೋ ಬೇಕು ಹೇಳ್ರಿ" ಎಂದಳು. ತೆರೆಯ ಮೇಲೊಂದು ಭೂಗೋಲ. ಅದರ ತುಂಬ ಹಸಿರು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಊರು. ಬೆರಳಿನಿಂದ ಗೋಲವನ್ನು ತಿರುಗಿಸಿ ನಾನು ಲಿಸ್ಬನ್ನಿಗೆ ಹೋದೆ. ಹೆಣ್ಣು ಕಂಠವೊಂದು ತಂತಿವಾದ್ಯದ ಜೊತೆಯಲ್ಲಿ, ಎದೆ ಹಿಂಡುವಂತೆ ಹಾಡುತ್ತಿತ್ತು. ಇದು 'ಫಾದೊ', ಪೋರ್ಚುಗಲ್ಲಿನ ಅಗಲಿಕೆಯ ಗೀತ. 2011ರಲ್ಲಿ ಯುನೆಸ್ಕೊ ಮನುಕುಲದ ಪರಂಪರೆಯೆಂದು ಮನ್ನಿಸಿದ ಗಾಯನಪ್ರಕಾರ. ಹುಡುಗನಾಗಿದ್ದಾಗ ಘಟ್ಟದಾಚೆಯಿಂದ ಬರುತ್ತಿದ್ದ, ಅರ್ಥವಾಗದ ಆ ಹಾಡುಗಳ ಕುಲ ಯಾವುದೆಂಬುದು ಎಪ್ಪತ್ತು ದಾಟಿದ ಮೇಲೆ ಗೊತ್ತಾಯಿತು. ಇಸ್ತಾಂಬುಲಿನಲ್ಲಿ ಒಂದು ರಾತ್ರಿ ಕೇಳಿದ ಕೊಳಲು ನಮ್ಮ ಭೈರವಿಯ ಅಂಗಳಕ್ಕೆ ಬಂದು, ಒಳಗೆ ಕಾಲಿಡದೆ ಹಿಂದಿರುಗಿದಂತೆ ಅನ್ನಿಸಿತು. ದೂರ ಹೋಗಬೇಕೆಂದೇನೂ ಇಲ್ಲ. ಆಕಾಶವಾಣಿಯ ಇನ್ನೂರಕ್ಕೂ ಹೆಚ್ಚು ಪ್ರಸಾರಗಳು ಜಾಲಕ್ಕೆ ಬಂದಿವೆ. 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾದ 'ರಾಗಂ' ವಾಹಿನಿ ಹಗಲಿರುಳೂ ಶಾಸ್ತ್ರೀಯ ಸಂಗೀತಕ್ಕೇ ಮೀಸಲು.

ಆದರೆ ಇದೇ ಅಂತರಜಾಲಕ್ಕೆ ಇನ್ನೊಂದು ಬಾಗಿಲಿದೆ, ಹೆಚ್ಚಿನವರು ಹೋಗುವುದು ಅದರಲ್ಲಿಯೇ. ಅಲ್ಲಿ ಹಾಡಿನ ಹೆಸರು ಹೇಳಿದರೆ ಆ ಹಾಡೇ ಬರುತ್ತದೆ. ಇದು ಸಣ್ಣ ಸೌಭಾಗ್ಯವಲ್ಲ. ಕಳೆದುಹೋದವೆಂದುಕೊಂಡಿದ್ದ ಎಷ್ಟೋ ಹಳೆಯ ಧ್ವನಿಮುದ್ರಿಕೆಗಳನ್ನು ನಾನು ಹೀಗೆಯೇ ಮರಳಿ ಪಡೆದಿದ್ದೇನೆ. ತೊಡಕಿರುವುದು ಆಮೇಲೆ. ಆ ಯಂತ್ರವು ನಮ್ಮ ರುಚಿಯ ಲೆಕ್ಕ ಬರೆದಿಡುತ್ತದೆ. ಇಂದು ಮನಸೂರರ ವಚನವೊಂದನ್ನು ಕೇಳಿದರೆ ನಾಳೆಯೂ ಅಂಥದೇ, ನಾಡಿದ್ದೂ ಅಂಥದೇ. ಊಟಕ್ಕೆ ಕುಳಿತವನು ಒಮ್ಮೆ ಹೋಳಿಗೆ ಮೆಚ್ಚಿದನೆಂದು ವರ್ಷವಿಡೀ ಹೋಳಿಗೆಯನ್ನೇ ಬಡಿಸುವ ಉಪಚಾರ ಇದು. ಪ್ರೀತಿಯಿದೆ, ಊಟ ಮಾತ್ರ ಕೆಡುತ್ತದೆ.

ನಮ್ಮ ಭಾಗದ ಸಂಗೀತದ ಚರಿತ್ರೆ ನೋಡಿದರೆ ಕೇಳದೆ ಬಂದ ಹಾಡಿನ ಬೆಲೆ ತಿಳಿಯುತ್ತದೆ. ಗದಗಿನ ಬಾಲಕ ಭೀಮಸೇನ ಜೋಶಿಯವರು ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಧ್ವನಿಮುದ್ರಿಕೆ ಕೇಳಿ, 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟುದು ಪ್ರಸಿದ್ಧ ಸಂಗತಿ. ಬೆಳಗಾವಿಗೆ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೋಮಕಲಿಮಠ, ಎಂದರೆ ನಮ್ಮ ಕುಮಾರ ಗಂಧರ್ವರು, ಎಳವೆಯಲ್ಲಿ ಧ್ವನಿಮುದ್ರಿಕೆಗಳನ್ನು ಕೇಳಿಯೇ ಹಿರಿಯರ ಗಾಯನವನ್ನು ಯಥಾವತ್ತಾಗಿ ಹಾಡಿ ಬೆರಗುಗೊಳಿಸಿದವರು. ಅದಕ್ಕಿಂತ ದೊಡ್ಡ ಪಾಠ ಮುಂದಿನದು. ಕ್ಷಯರೋಗದಿಂದ ನರಳಿ 1948ರಲ್ಲಿ ಮಾಳವದ ದೇವಾಸಕ್ಕೆ ಹೋದ ಅವರು ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಹಾಸಿಗೆಯಲ್ಲಿದ್ದಾಗ ಊರ ಹೆಂಗಸರ ಹಾಡು, ಹಾದಿಹೋಕ ಸಾಧುಗಳ ನಿರ್ಗುಣ ಭಜನೆ ಕಿವಿಗೆ ಬಿದ್ದವು. ಆ ಜಾನಪದ ಧಾಟಿಗಳಿಂದ ಹೊಸ ರಾಗಗಳೇ ಮೂಡಿದವು. ಆ ಭಜನೆಗಳು ಅವರ ಕಂಠದಿಂದ ದೇಶಕ್ಕೆಲ್ಲ ಮುಟ್ಟಿದವು. ಬೇಕಾದ್ದನ್ನಷ್ಟೇ ತಂದುಕೊಡುವ ಯಂತ್ರ ಅವರ ಹಾಸಿಗೆಯ ಪಕ್ಕದಲ್ಲಿ ಇದ್ದಿದ್ದರೆ ಏನಾಗುತ್ತಿತ್ತೋ!

ಬೆಳಗಾವಿಯಂಥ ಊರಿನಲ್ಲಿ ಇದು ಬರಿಯ ರಸಿಕರ ಚಿಂತೆಯಲ್ಲ. ಗಡಿಯ ವಾದ ಈ ಊರಿಗೆ ಹೊಸದೇನಲ್ಲ. ಆದರೆ ಚಹಾದಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ನುಡಿಯುತ್ತಿದ್ದ ರೇಡಿಯೋ ಯಾರ ಭಾಷೆ ಯಾವುದೆಂದು ವಿಚಾರಿಸುತ್ತಿರಲಿಲ್ಲ. ಹೊರಗೆ ವಾದ ನಡೆದಿದ್ದಾಗಲೂ ಒಳಗೆ ಎಲ್ಲರ ಕಿವಿಗೂ ಎಲ್ಲರ ಹಾಡು ಬೀಳುತ್ತಿತ್ತು. ಈಗ ಖಾನಾಪುರದ ಬಸ್ಸಿನಲ್ಲಿ ಕುಳಿತ ಹುಡುಗರ ಕಿವಿಗಳಲ್ಲಿ ಒಂದೊಂದು ಜೊತೆ ಇಯರ್‌ಫೋನು. ಪಕ್ಕದವನ ಭುಜ ತಾಗುತ್ತದೆ, ಹಾಡು ತಾಗುವುದಿಲ್ಲ. ಒಬ್ಬರ ಹಾಡು ಇನ್ನೊಬ್ಬರಿಗೆ ಗೊತ್ತಿಲ್ಲದೆ ಒಂದು ತಲೆಮಾರು ಬೆಳೆದರೆ, ಆ ಇಬ್ಬರೂ ಒಂದೇ ಊರಿನವರೆಂದು ಯಾವ ಆಧಾರದ ಮೇಲೆ ಹೇಳೋಣ?

ಇದಕ್ಕೆ ಮದ್ದು ಅಂತರಜಾಲದಲ್ಲಿಯೇ ಇದೆ. ಹಾಡನ್ನು ಆರಿಸದೆ ನಿಲಯವನ್ನು ಆರಿಸುವುದು. ದಿನಕ್ಕೊಂದು ಗಂಟೆ ಧಾರವಾಡವನ್ನೋ ಪಣಜಿಯನ್ನೋ ಸಾಂಗಲಿಯನ್ನೋ, ಕಂಡೇ ಇರದ ಊರನ್ನೋ ಹಚ್ಚಿ, ಬೆರಳನ್ನು ದೂರವಿಟ್ಟು, ಮನೆಯವರಿಗೆಲ್ಲ ಕೇಳಿಸುವಂತೆ ದನಿಯೇರಿಸಿ ಬಿಡುವುದು. ಬೇಸರದ ಹಾಡೂ ಬರುತ್ತದೆ, ಬರಲಿ. ಅದರ ಬೆನ್ನಿಗೆ ಬರುವುದು ಏನೆಂದು ಬಲ್ಲವರಾರು? ಭೀಮಗಡದ ಕಾಡಿನ ಕೆಲವು ಊರುಗಳಲ್ಲಿ ಮೊಬೈಲಿನ ಸಂಪರ್ಕ ಸಿಗುವುದೇ ಕಷ್ಟ. ಅಲ್ಲಿಯವರಿಗೆ ಜಾಲದ ಬಾನುಲಿಯೆಂಬುದು ಇನ್ನೂ ಮಾತಷ್ಟೆ. ಶೆಲ್ಲು ಹಾಕಿದ ಟ್ರಾನ್ಸಿಸ್ಟರನ್ನು ಅವರ ಮಟ್ಟಿಗಾದರೂ ನಾವು ಹಳೆಯ ಸಾಮಾನೆಂದು ಅಟ್ಟಕ್ಕೆ ಹಾಕಲಾಗದು. ಸಾಧನ ಯಾವುದಾದರೂ ಆಗಲಿ; ಬೇಡಿದ ಹಾಡು ನಮ್ಮ ಸಂತೋಷಕ್ಕೆ ಸಾಕು, ನೆರೆಯವನನ್ನು ಅರಿಯಲು ಬೇಡದೆ ಬಂದ ಹಾಡೇ ಬೇಕು.